ಅರ್ಧ ತೊಟ್ಟು

ಸೆಪ್ಟೆಂಬರ್ 7, ಭಾನುವಾರ

ನಮ್ಮವರ ಗೆಳೆಯ ಸತ್ಯಪ್ರಕಾಶ್ ಬಂದಿದ್ದರು. ಬಾಗಿಲು ತೆಗೆಯಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ನಾನು ಕೆಲಸ ಮಾಡುವ ಡೆಲಿಯಲ್ಲಿ, ಅಂದರೆ ಈ ಐರಿಷ್ ಊರಿನ ಸ್ಯಾಂಡ್‌ವಿಚ್ ಅಂಗಡಿಯಲ್ಲಿ, ಇವತ್ತು ಎಂಬತ್ತೆರಡು ಚಿಕನ್ ರೋಲ್ ಮಾಡಿದೆ. ಮೊಟ್ಟೆ ಕೂಡ ಒಳಗೆ ಬರದ ಮನೆಯಲ್ಲಿ ಹುಟ್ಟಿದವಳು ನಾನು. ಕೈಗೆ ಗ್ಲೌಸ್ ಇರುತ್ತದೆ, ಅಭ್ಯಾಸವಾಗಿದೆ. ಬೆಣ್ಣೆಯೋ ಮೇಯೋನೋ ಎಂದು ಕೇಳಿದರೆ ಆಯಿತು, ಬೇರೆ ಮಾತು ಬೇಕಾಗಿಲ್ಲ.

ಮನೆಗೆ ಬಂದಾಗ ಮಗಳು ಕೃತಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಊಟ ಮಾಡಿದೆಯಾ ಎಂದರೆ "ಗ್ರ್ಯಾಂಡ್" ಎಂದಳು. ಹದಿನಾರು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತಿಗೆ ಹೌದು, ಇಲ್ಲ, ಬೇಡ, ನನ್ನ ಪಾಡಿಗೆ ಬಿಡು, ಎಲ್ಲ ಅರ್ಥವೂ ಇದೆ.

ಸಂಜೆ ಸತ್ಯಪ್ರಕಾಶ್ ಹೆಂಡತಿ ಶಕುಂತಲಾ ಬ್ಯೂಮಾಂಟ್‌ನಿಂದ ಫೋನ್ ಮಾಡಿದರು. ಅಲ್ಲಿನ ಆಸ್ಪತ್ರೆಯಲ್ಲಿ ಅವರು ನರ್ಸ್.

"ಗೀತಾ, ನಿಮಗೆ ತೊಂದ್ರೆ ಕೊಡಬಾರ್ದು ಅಂತಾನೇ ಸುಮ್ನಿದ್ದೆ. ಇವ್ರ ಕಾರಲ್ಲಿ ಸ್ಟೆಪ್ನಿ ಕೆಳಗೆ ಸಿಗರೇಟ್ ಪ್ಯಾಕ್ ಸಿಕ್ತು. ಸ್ಟೆಂಟ್ ಹಾಕಿ ಎರಡು ವರ್ಷ ಆಗಿಲ್ಲ ಇನ್ನೂ."

ಸಿಗರೇಟಿನ ಬದಲಿಗೆ ನಮ್ಮವರು ಬೆರೆಸಿ ಕೊಡುತ್ತಿದ್ದ ಬಾಟಲಿಗಳನ್ನು ಹನಿ ಹನಿ ಉಳಿಸಿಕೊಂಡರೂ ಆಗಸ್ಟ್‌ನಲ್ಲೇ ಮುಗಿದುವಂತೆ. ನಾನು ಹೂಂ ಎಂದೆ.

ಸೆಪ್ಟೆಂಬರ್ 14, ಭಾನುವಾರ

ಸತ್ಯಪ್ರಕಾಶ್ ಮತ್ತೆ ಬಂದರು. ಬೆಲ್ ಮಾಡಿದರು. ನಾನು ಅಡುಗೆಮನೆಯಲ್ಲಿ ಅಲುಗಾಡದೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಲ್ಲಿ ಕಾಗದ ಹಾಕುವ ಕಿಂಡಿ ತೆರೆದುಕೊಂಡು ಅದರೊಳಗಿಂದ ದನಿ ಬಂತು.

"ಗೀತಮ್ಮ, ಒಳಗಿದೀರಿ ಅಂತ ಗೊತ್ತು. ಕುಕ್ಕರ್ ಕೂಗ್ತು."

ನಾನು ಕುಕ್ಕರ್ ಕಡೆ ನೋಡಿದೆ.

"ನಾಲ್ಕು ಸಲ ಕೂಗ್ತು. ಬೇಳೆ ತಳ ಹಿಡಿಯತ್ತೆ, ಆರ್ಸಿ."

ಮೆಲ್ಲಗೆ ಹೋಗಿ ಆರಿಸಿದೆ.

"ನಡೆದ ಸಪ್ಪಳ ಕೇಳಿಸ್ತು" ಎಂದರು.

ಬಾಗಿಲು ತೆಗೆದರೆ ಐವತ್ತೆರಡು ವರ್ಷದ ಮನುಷ್ಯ ಮೆಟ್ಟಿಲ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಎದುರು ಮನೆಯ ಅಜ್ಜಿ ನಾಯಿಯ ಜೊತೆ ನಿಂತು ನೋಡುತ್ತಿದ್ದಳು. ಒಳಗೆ ಕರೆಯದೆ ಬೇರೆ ದಾರಿ ಇರಲಿಲ್ಲ.

ಇವರೂ ನಮ್ಮವರೂ ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಗೆ ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಹೋಗಿ ಬಂದವರು. ಸಿಗರೇಟು ಬಿಡಲೆಂದು ಸತ್ಯಪ್ರಕಾಶ್ ವೇಪ್, ಅಂದರೆ ಆವಿ ಎಳೆಯುವ ಬ್ಯಾಟರಿ ಕೊಳವೆ, ಹಿಡಿದಾಗ ಅದಕ್ಕೆ ಹಾಕುವ ದ್ರವವನ್ನು ನಮ್ಮವರೇ ಮನೆಯಲ್ಲಿ ಬೆರೆಸಿ ಕೊಡುತ್ತಿದ್ದರು.

"ಅಂಗಡೀದು ತಗೊಂಡೆ. ಮಾವಿನಹಣ್ಣು ಅಂತ ಬರೆದಿದಾರೆ. ಶಾಂಪೂ ಕುಡಿದಂಗಾಯ್ತು. ನೀವು ಒಂದು ಬಾಟ್ಲಿ ಮಾಡ್ಕೊಡ್ಬೇಕು."

"ನನಗೇನು ಗೊತ್ತು ಸತ್ಯಣ್ಣ? ಡಬ್ಬ ಹಿತ್ತಲ ಶೆಡ್‌ನಲ್ಲಿದೆ. ತಗೊಂಡು ಹೋಗಿ ನೀವೇ ಬೆರೆಸ್ಕೊಳ್ಳಿ."

"ಅಯ್ಯೋ, ನನ್ನ ಕೈಗೆ ಕೊಡ್ಬೇಡಿ. ನಿಕೋಟಿನ್ ಬಾಟ್ಲಿನೇ ಪೂರಾ ಬಗ್ಗಿಸ್ಕೊಂಡ್ಬಿಡ್ತೀನಿ. ನನ್ನನ್ನ ನಾನೇ ನಂಬಲ್ಲ. ನಿಮ್ಮ ಅನಂತನೂ ನಂಬ್ತಿರ್ಲಿಲ್ಲ. ಏನ್ ಹಾಕ್ತೀಯೋ ಅಂತ ಕೇಳಿದ್ರೆ 'ಸೀಕ್ರೆಟ್ ಕಣೋ' ಅಂತಿದ್ದ."

ನೋಡುತ್ತೇನೆ ಎಂದೆ. ಎದ್ದು ಹೋಗಲಿ ಎಂದು ಹಾಗೆಂದೆ.

ಸೆಪ್ಟೆಂಬರ್ 21, ಭಾನುವಾರ

ಶೆಡ್ ತೆರೆದೆ. ಜೂನ್ ಹನ್ನೊಂದರ ನಂತರ ಇದೇ ಮೊದಲು. ಅವತ್ತು ನಮ್ಮವರು ತಲೆ ಸಿಡಿಯುತ್ತಿದೆ ಎಂದದ್ದು ಬೆಳಿಗ್ಗೆ ಎಂಟಕ್ಕೆ. ಹತ್ತು ಗಂಟೆಗೆ ಜೀವ ಹೋಗಿತ್ತು.

ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಎಲ್ಲ ಓರಣವಾಗಿದೆ. ಜೇನಿನಂತೆ ಮಂದವಾದ ಗ್ಲಿಸರಿನ್ ಒಂದು ಕ್ಯಾನು. ನಿಕೋಟಿನ್ ಇರುವ ಪುಟ್ಟ ಬಾಟಲಿಗಳು. ಕಾಫಿ, ಏಲಕ್ಕಿ ಎಂದು ಚೀಟಿ ಅಂಟಿಸಿದ ಪರಿಮಳದ ಸೀಸೆಗಳು. ಶಾಯಿ ಪೆನ್ನಿಗೆ ತುಂಬುವ ಫಿಲ್ಲರ್ ಇರುತ್ತಿತ್ತಲ್ಲ, ಅಂಥವು ನಾಲ್ಕು. ಒಂದು ನೋಟ್‌ಬುಕ್. ಬರೆದ ಕೊನೆಯ ಪುಟದಲ್ಲಿ ಅವರ ದುಂಡನೆಯ ಅಕ್ಷರ:

ಕಾಫಿ 1 ತೊಟ್ಟು. ಏಲಕ್ಕಿ ಅರ್ಧ ತೊಟ್ಟು. ನಿಕೋಟಿನ್ 34 ಹನಿ. ಮಿಕ್ಕಿದ್ದು ಗ್ಲಿಸರಿನ್.

ಎರಡು ಕಡೆ ತೊಟ್ಟು, ಒಂದು ಕಡೆ ಹನಿ. ಒಂದೇ ಪದ ಮೂರು ಸಲ ಬರೆದರೆ ಚೆನ್ನಾಗಿರುವುದಿಲ್ಲ ಎಂದು ಹಾಗೆ ಬರೆದಿರಬೇಕು.

ಆದರೆ ಅರ್ಧ ತೊಟ್ಟು?

ಸೆಪ್ಟೆಂಬರ್ 24, ಬುಧವಾರ

ಮೂರು ದಿನದಿಂದ ಅರ್ಧ ತೊಟ್ಟೇ ತಲೆಯಲ್ಲಿ ಓಡುತ್ತಿದೆ. ಇವತ್ತು ಡೆಲಿಯಲ್ಲಿ ಒಬ್ಬ ಅರ್ಧ ರೋಲ್ ಕೇಳಿದ. ಚಾಕು ಹಾಕಿ ಕತ್ತರಿಸಿ ಕೊಟ್ಟೆ. ರೋಲಿಗೆ ಆ ಸೌಕರ್ಯ ಇದೆ.

ಸಂಜೆ ತಟ್ಟೆಯ ಮೇಲೆ ಏಲಕ್ಕಿಯ ಒಂದು ತೊಟ್ಟು ಬಿಟ್ಟು ಬೆಣ್ಣೆ ಚಾಕುವಿನಿಂದ ಕತ್ತರಿಸಿ ನೋಡಿದೆ. ಎರಡಾಯಿತು, ಚಾಕು ತೆಗೆದ ಕೂಡಲೇ ಮತ್ತೆ ಒಂದಾಯಿತು. ಬೆಂಕಿಕಡ್ಡಿಯಿಂದ ಎಳೆದರೆ ಉದ್ದವಾಯಿತು. ಅಷ್ಟರಲ್ಲಿ ಕೃತಿ ನೀರು ಕುಡಿಯಲು ಕೆಳಗೆ ಬಂದಳು.

"ಮಾಮ್, ವಾಟ್ ಆರ್ ಯೂ ಡೂಯಿಂಗ್?"

"ಒಂದು ತೊಟ್ಟನ್ನ ಅರ್ಧ ಮಾಡ್ತಿದೀನಿ."

ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ನೋಟ್‌ಬುಕ್ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಜಸ್ಟ್ ಡಬಲ್ ಇಟ್. ಎಲ್ಲಾ ಡಬಲ್ ಮಾಡು, ದೆನ್ ಟೂ ಬಾಟಲ್ಸ್."

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ನನಗೆ ಬಂದದ್ದು ಮೂವತ್ತೈದು. ಅವಳಿಗೆ ಅಪ್ಪನ ತಲೆ.

ನಿಕೋಟಿನ್ ಬಾಟಲಿಯ ಹತ್ತಿರ ಅವಳನ್ನು ಬಿಡಲಿಲ್ಲ. ಡೆಲಿಯ ಗ್ಲೌಸ್ ಹಾಕಿಕೊಂಡು ನಾನು ಹನಿ ಬಿಟ್ಟೆ, ಅವಳು ಮೇಜಿನ ಆಚೆ ತುದಿಯಿಂದ ಎಣಿಸಿದಳು. ಕನ್ನಡದಲ್ಲೇ ಎಣಿಸು, ಇಂಗ್ಲಿಷಿನಲ್ಲಿ ನನಗೆ ತಪ್ಪುತ್ತದೆ ಎಂದೆ. ಅವಳಿಗೆ ಬರುವುದು ಇಪ್ಪತ್ತರವರೆಗೆ. ಆಮೇಲೆ "ಇಪ್ಪತ್ತು ಒಂದು, ಇಪ್ಪತ್ತು ಎರಡು" ಎಂದು ಹೋಗಿ "ಇಪ್ಪತ್ತು ಹದಿನಾಲ್ಕು" ಎಂದು ನಿಂತಳು. ಮೂವತ್ತನಾಲ್ಕು ಸರಿಯಾಗಿ ಬಂತು. ಎರಡು ಬಾಟಲಿಗೆ ಎರಡು ಸಲ ಹಾಗೆ ಎಣಿಸಿದಳು, ಮಧ್ಯದಲ್ಲಿ ಫೋನ್ ನೋಡಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಸತ್ಯಪ್ರಕಾಶ್ ಹಿತ್ತಲ ಬಾಗಿಲಲ್ಲಿ ನಿಂತು ಒಂದು ಸಲ ಎಳೆದರು. ಮತ್ತೊಂದು ಸಲ ಎಳೆದರು. ಮುಖ ನೋಡಿಯೇ ತಿಳಿಯಿತು.

"ಏನಾಯ್ತು?"

"ಏನೂ ಆಗ್ಲಿಲ್ಲ, ಅದೇ ತೊಂದ್ರೆ. ನೆಗಡಿ ಆದಾಗ ಬಿಸಿನೀರಿನ ಆವಿ ತಗೊಳ್ತೀವಲ್ಲ, ಹಂಗಿದೆ. ಬಿಡಿ ಗೀತಮ್ಮ, ಅವನ ಕೈಗುಣ ಅದು. ನೀವು ಪ್ರಯತ್ನ ಮಾಡಿದ್ರಲ್ಲ, ಸಾಕು."

ಜೇಬಿಗೆ ಕೈ ಹಾಕಿದರು. ಅಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಕಾಫಿ ಕುಡಿದು ಹೋಗಿ" ಎಂದೆ. ಆ ಕೈ ಹೊರಗೆ ಬರಲಿ ಎಂದು.

"ಒಂದ್ ತೊಟ್ಟು ಕೊಡಿ ಸಾಕು."

ಲೋಟದ ತಳದಲ್ಲಿ ಎರಡು ಗುಟುಕು ಹಾಕಿ ಕೊಟ್ಟೆ. ಅವರು ಬಗ್ಗಿ ನೋಡಿದರು.

"ಇದೇನ್ ಗೀತಮ್ಮ, ಕಾಫಿನೋ ತೀರ್ಥನೋ?"

"ಒಂದು ತೊಟ್ಟು ಅಂದ್ರಲ್ಲ."

"ತೊಟ್ಟು ಅಂದ್ರೆ ತೊಟ್ಟೇನಾ? ಅರ್ಧ ಲೋಟ ಆದ್ರೂ ಬೇಡ್ವಾ?"

ನಾನು ಕಾಫಿ ಪಾತ್ರೆ ಹಿಡಿದು ಹಾಗೆಯೇ ನಿಂತೆ. ಸತ್ಯಪ್ರಕಾಶ್ ಮೈಸೂರಿನವರು. ನಮ್ಮವರೂ ಅಲ್ಲಿಯವರೇ. ತಿಪಟೂರಿನ ನಮ್ಮ ಮನೆಯಲ್ಲಿ ತೊಟ್ಟು ಎಂದರೆ ಕಣ್ಣಿಗೆ ಬಿಡುವ ಔಷಧಿಯಷ್ಟು, ಅದಕ್ಕಿಂತ ಹೆಚ್ಚಿಲ್ಲ. ಮದುವೆಯಾದ ಹೊಸದರಲ್ಲಿ ಇವರು ಸಾರಿಗೆ ಒಂದು ತೊಟ್ಟು ತುಪ್ಪ ಎಂದಾಗ ಒಂದು ತೊಟ್ಟು ಬಿಟ್ಟು ಹೋಗಿದ್ದೆ. ಇವರು ತಟ್ಟೆಯನ್ನೇ ನೋಡುತ್ತ ಕೂತಿದ್ದರು, ಇನ್ನೂ ಬರುತ್ತದೆ ಎಂದು. ಇಪ್ಪತ್ತೊಂದು ವರ್ಷ ಸಂಸಾರ ಮಾಡಿ ಮನುಷ್ಯನ ತೊಟ್ಟು ಎಷ್ಟು ಎಂಬುದನ್ನು ಮರೆತಿದ್ದೆನಲ್ಲ!

ಡಬ್ಬ ತಂದೆ. ಫಿಲ್ಲರ್‌ನ ರಬ್ಬರನ್ನು ಒಮ್ಮೆ ಒತ್ತಿ ಬಿಟ್ಟರೆ ಎಷ್ಟು ತುಂಬುತ್ತದೋ ಅಷ್ಟು ಕಾಫಿ. ಅದರರ್ಧ ಏಲಕ್ಕಿ. ನಿಕೋಟಿನ್ ಮಾತ್ರ ಹನಿ ಹನಿ ಎಣಿಸಿ ಮೂವತ್ತನಾಲ್ಕು. ಹೊಸ ಬಾಟಲಿ ಅಲ್ಲಾಡಿಸಿ ಕೊಟ್ಟೆ.

ಸತ್ಯಪ್ರಕಾಶ್ ಎಳೆದರು. ಬೇಲಿಯ ಕಡೆ ತಿರುಗಿ ನಿಂತರು. ಹಿತ್ತಲೆಲ್ಲ ಏಲಕ್ಕಿ ಕಾಫಿಯ ವಾಸನೆ.

"ಹೊಗೆ ಕಣ್ಣಿಗೆ ಹೋಯ್ತು" ಎಂದರು ಆಮೇಲೆ.

ಜೇಬಿನ ಪ್ಯಾಕ್ ನಮ್ಮ ಕಸದ ಡಬ್ಬಿಗೆ ಹಾಕಿ ಹೋದರು. ಮರುಬಳಕೆಯ ಹಸಿರು ಡಬ್ಬಿಗೆ ಹಾಕಿದ್ದರು, ತೆಗೆದು ಕಪ್ಪು ಡಬ್ಬಿಗೆ ಹಾಕಿದೆ.

ಸೆಪ್ಟೆಂಬರ್ 30, ಮಂಗಳವಾರ

ನೋಟ್‌ಬುಕ್ಕನ್ನು ಮೊದಲಿಂದ ಓದಿದೆ. ಪ್ರತಿ ಭಾನುವಾರಕ್ಕೆ ಒಂದು ಪುಟ. ಕಾಫಿ, ಏಲಕ್ಕಿ ಎಲ್ಲ ಪುಟದಲ್ಲೂ ಒಂದೇ. ನಿಕೋಟಿನ್ ಮಾತ್ರ ಬೇರೆ. ಮೊದಲ ಪುಟದಲ್ಲಿ, ಮಾರ್ಚ್ 9ರಂದು, 60 ಹನಿ. ಮುಂದಿನದರಲ್ಲಿ 58. ಆಮೇಲೆ 56. ಮರೆವಿನಿಂದ ಹೀಗೆ ಇಳಿಯುವುದಿಲ್ಲ. ಜೂನ್ 8ರಂದು 34. ಮೊದಲ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾರೆ: ಸತ್ಯನಿಗೆ ಹೇಳಬಾರದು.

ಸಿಗರೇಟ್ ಬಿಟ್ಟಿದ್ದೀನಲ್ಲ, ಇದನ್ನು ಬಿಡುವ ಮಾತೇ ಇಲ್ಲ ಎಂದು ಸತ್ಯಪ್ರಕಾಶ್ ಹಾರ್ಟಿನ ಡಾಕ್ಟರಿಗೇ ಹೇಳಿ ಬಂದವರು. ನಮ್ಮವರು ವಾದ ಮಾಡಲಿಲ್ಲ. ವಾರಕ್ಕೆ ಎರಡು ಹನಿ ಕದ್ದರು. ಕದಿಯುತ್ತಿರುವಾಗಲೇ ಹೋದರು.

ಕೃತಿಗೆ ತೋರಿಸಿದೆ.

"ದಟ್ಸ್ ಲೈಯಿಂಗ್, ಮಾಮ್" ಎಂದಳು.

"ಸುಳ್ಳು ಹೇಳಿಲ್ಲ. ಹೇಳಿಲ್ಲ, ಅಷ್ಟೆ."

"ಸೋ ನೀನು... ಥರ್ಟಿ ಟೂ ಮಾಡ್ತೀಯಾ?"

ಮೂವತ್ತೆರಡು ಅನ್ನು ಎಂದೆ.

ಅಕ್ಟೋಬರ್ 5, ಭಾನುವಾರ

32. ಕದಿಯುವುದು ಹೊಸತು ನನಗೆ. ಹದಿನೆಂಟನೆಯ ಹನಿಗೆ ಶಕುಂತಲಾ ಫೋನ್ ಬಂದು ಲೆಕ್ಕ ತಪ್ಪಿತು, ಚೆಲ್ಲಿ ಮೊದಲಿಂದ ಬಿಟ್ಟೆ.

ಸತ್ಯಪ್ರಕಾಶ್ ಎಳೆದು, "ಬೆಂಕಿ!" ಎಂದರು. ಗ್ಯಾಸಿನ ಕಡೆ ನೋಡಿದೆ. ಹೊಗಳಿಕೆಯಂತೆ.

ಅಕ್ಟೋಬರ್ 20, ಸೋಮವಾರ

ದೀಪಾವಳಿ. ಮನೆಯಲ್ಲಿ ಹಬ್ಬ ಇಲ್ಲ. ಡೆಲಿಯಲ್ಲಿ ಎರಡು ಪಾಳಿ ಕೇಳಿ ಪಡೆದೆ.

ಅಕ್ಟೋಬರ್ 26, ಭಾನುವಾರ

26. ಚಳಿಗೆ ಗ್ಲಿಸರಿನ್ ಗಟ್ಟಿಯಾಗಿ ಹನಿ ಬೀಳಲು ಒಂದು ಯುಗ ಬೇಕಾಯಿತು. ಕ್ಯಾನನ್ನು ಬಿಸಿನೀರಿನಲ್ಲಿ ಇಟ್ಟು ಕಾಯುವಾಗ ಕೃತಿ ಅಪ್ಪನ ಒಂದು ಕಥೆ ಹೇಳಿದಳು. ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ಐರಿಷ್ ಭಾಷೆಯಲ್ಲಿ ಸ್ವಾಗತ ಹೇಳಿದರೆ ಇವರು ಕನ್ನಡದಲ್ಲಿ ಉತ್ತರ ಕೊಟ್ಟು ಕೂತರಂತೆ. ನನಗೆ ಗೊತ್ತೇ ಇರಲಿಲ್ಲ. ಐರಿಷ್ ಧಾಟಿಯಲ್ಲಿ ಅವಳು ಹೇಳುವ "ನಮ್ಸ್ಕಾರಾ ಮೇಡಮ್" ಕೇಳಿ ಬಿಸಿನೀರು ತಣ್ಣಗಾಗುವವರೆಗೆ ಕ್ಯಾನನ್ನೇ ಮರೆತೆವು.

ನವೆಂಬರ್ 18, ಮಂಗಳವಾರ

ಮೊನ್ನೆ 20ಕ್ಕೆ ಇಳಿಸಿದೆ. ಇವತ್ತು ಶಕುಂತಲಾ ಫೋನ್.

"ಗೀತಾ, ಇವ್ರಿಗೆ ಏನಾಗಿದ್ಯೋ ಗೊತ್ತಿಲ್ಲ. ಒಗ್ಗರಣೆಗೆ ಕರಿಬೇವು ಹಾಕಿಲ್ಲ ಅಂತ ಒಂದು ಗಂಟೆ ಜಗಳ. ಹಾಕಿದ್ದೆ ರೀ! ತಟ್ಟೆ ಪಕ್ಕಕ್ಕೆ ಎತ್ತಿಟ್ಟಿದ್ರು, ಅದನ್ನೇ ತೋರಿಸ್ದೆ. ಸಿಗರೇಟ್ ಮಾರೋ ಪೆಟ್ರೋಲ್ ಬಂಕ್ ಹತ್ರ ಹೋಗಿ ನಿಂತ್ಕೊಂಡು ಬಂದ್ರಂತೆ. ತಗೊಂಡಿಲ್ಲ ಅಂತಾರೆ."

ಫೋನ್ ಇಟ್ಟ ಮೇಲೆ ಡಬ್ಬ ತೆಗೆದುಕೊಂಡು ಕೂತೆ. ಅವರಿದ್ದಿದ್ದರೆ ಏನು ಮಾಡುತ್ತಿದ್ದರು? ನೋಟ್‌ಬುಕ್ಕಿನಲ್ಲಿ 34ರ ಮುಂದೆ ಇರುವುದು ನನ್ನ ಅಕ್ಷರ ಮಾತ್ರ. ಮತ್ತೆ ಮೂವತ್ತಕ್ಕೆ ಏರಿಸಲೇ? ನಾನು ಅವಸರ ಮಾಡಿ ಆ ಮನುಷ್ಯ ಸಿಗರೇಟಿಗೆ ವಾಪಸ್ ಹೋದರೆ ಶಕುಂತಲಾ ಮುಖ ಹೇಗೆ ನೋಡಲಿ?

ನವೆಂಬರ್ 22, ಶನಿವಾರ

ಲೂಕನ್‌ನ ವೇಪ್ ಅಂಗಡಿಗೆ ಹೋಗಿದ್ದೆ, ಡೆಲಿಯ ಏಪ್ರನ್‌ನಲ್ಲೇ. ಮೂಗುಬೊಟ್ಟು ಮೂರು ಇರುವ ಹುಡುಗಿ "ಆರ್ ಯೂ ಆಲ್‌ರೈಟ್ ದೇರ್, ಲವ್?" ಎಂದಳು. ನಿಕೋಟಿನ್ ಕಡಿಮೆಯಾದರೂ ಗಂಟಲಿಗೆ ಹಿಡಿಯುವಂಥದ್ದು ಬೇಕು ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿ, ಗಂಟಲು ಹಿಡಿದು ತೋರಿಸಿದೆ. ಅವಳು ಹೆದರಿ ನೀರು ತಂದಳು. ಆಮೇಲೆ ಇಬ್ಬರೂ ಕೂತು ಎಲ್ಲ ಸೀಸೆ ಮೂಸಿದೆವು. ಪುದೀನ ಬೇಡ, ದಾಲ್ಚಿನ್ನಿ ಬೇಡ. ಶುಂಠಿ ಮೂಸಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಇದು ಕೊಡು ಎಂದೆ.

ನವೆಂಬರ್ 23, ಭಾನುವಾರ

ನಿಕೋಟಿನ್ ಇಳಿಸಲಿಲ್ಲ, 20ರಲ್ಲೇ ನಿಂತೆ. ಕಾಫಿ, ಏಲಕ್ಕಿಯ ಜೊತೆ ಶುಂಠಿ ಹಾಕಿದೆ. ಖಾಲಿ ಪುಟದಲ್ಲಿ ಬರೆದಿಟ್ಟೆ: ಶುಂಠಿ 1 ತೊಟ್ಟು. ಮೈಸೂರು ತೊಟ್ಟು.

ಸತ್ಯಪ್ರಕಾಶ್ ಎಳೆದು ಕೆಮ್ಮಿದರು. ಎದೆ ಗುದ್ದಿಕೊಂಡರು. "ಅಯ್ಯಯ್ಯಪ್ಪ! ಇದು ಅನಂತಂದಲ್ಲ. ಯಾರು ಹೇಳ್ಕೊಟ್ರು?"

"ಚೆನ್ನಾಗಿಲ್ವಾ?"

"ಕಷಾಯ ಕುಡಿದಂಗಿದೆ ರೀ! ಈ ಮಜಾ ಅವನದ್ರಲ್ಲಿ ಇರ್ಲಿಲ್ಲ. ಅವನಿಗೆ ಹೇಳ್ಬೇಡಿ." ಹಾಗೆಂದು ನಾಲಿಗೆ ಕಚ್ಚಿಕೊಂಡರು.

ಹೇಳಲ್ಲ ಬಿಡಿ ಎಂದೆ.

ನವೆಂಬರ್ 30, ಭಾನುವಾರ

18. ಇನ್ನು ಮುಂದೆ ಕೃತಿಗೆ ಬರುವ ಅಂಕಿಗಳೇ ಸಾಕು. ನಿರಾಸೆಯಾಯಿತಂತೆ. ಮೂವತ್ತನಾಲ್ಕರವರೆಗೆ ಕಷ್ಟಪಟ್ಟು ಕಲಿತಿದ್ದಾಳೆ, ಬಸ್ಸಿನಲ್ಲಿ ಜನ ಎಣಿಸಿಕೊಂಡು ಬರುತ್ತಾಳಂತೆ.

ಡಿಸೆಂಬರ್ 21, ಭಾನುವಾರ

12. ಸತ್ಯಪ್ರಕಾಶ್ ಮತ್ತು ಶಕುಂತಲಾ ಇಬ್ಬರೂ ಊಟಕ್ಕೆ ಇದ್ದರು. ಬಿಸಿಬೇಳೆಭಾತ್ ಮಾಡಿದ್ದೆ. ಕರಿಬೇವು ಎರಡು ಹಿಡಿ ಹಾಕಿ, "ಕಾಣಿಸ್ತಿದ್ಯಾ ಸತ್ಯಣ್ಣ, ಕನ್ನಡಕ ತರ್ಲಾ?" ಎಂದೆ. ಶಕುಂತಲಾ ಮೇಜು ಹಿಡಿದುಕೊಂಡು ನಕ್ಕರು. ಪಾತ್ರೆ ತೊಳೆಯುವಾಗ, ಈಚೆಗೆ ಇವರ ಬಿಪಿ ಚೆನ್ನಾಗಿ ಬರುತ್ತಿದೆ, ಯಾಕೋ ಗೊತ್ತಿಲ್ಲ ಎಂದರು. ನಾನು ಪಾತ್ರೆಯನ್ನು ಎರಡನೇ ಸಲ ತೊಳೆದೆ.

ಜನವರಿ 11, ಭಾನುವಾರ

6. ಬರೆಯಲು ಪುರುಸೊತ್ತಿಲ್ಲ. ಡೆಲಿಯ ಮೂವರನ್ನು ಕೃತಿ ಮಸಾಲೆ ದೋಸೆಗೆ ಕರೆದುಬಿಟ್ಟಿದ್ದಾಳೆ. ನನ್ನನ್ನು ಕೇಳಿಲ್ಲ.

ಫೆಬ್ರವರಿ 1, ಭಾನುವಾರ

ಸೊನ್ನೆ.

ನಿಕೋಟಿನ್ ಬಾಟಲಿಯ ಮುಚ್ಚಳ ತೆಗೆಯಲೇ ಇಲ್ಲ. ಕೃತಿ ಅಭ್ಯಾಸಬಲದಿಂದ ಮೇಜಿನ ಆಚೆ ತುದಿಯಲ್ಲಿ ಕೂತಿದ್ದಳು, ಎಣಿಸಲು ಏನೂ ಇರಲಿಲ್ಲ. "ಡ್ಯಾಡ್ ವುಡ್ ಬಿ ಡೆಲೈಟೆಡ್" ಎಂದಳು.

ಸತ್ಯಪ್ರಕಾಶ್ ಬಾಟಲಿ ಜೇಬಿಗೆ ಹಾಕಿಕೊಂಡು ಹೋದರು. ಈ ವಾರ ಅವರು ಪೆಟ್ರೋಲ್ ಬಂಕಿಗೆ ಹೋಗದಿದ್ದರೆ ಆಯಿತು. ಹೇಳಬೇಕು, ಆದರೆ ಯಾವಾಗ? ಹೇಳಿದ ಕೂಡಲೇ ಮೋಸ ಮಾಡಿದಿರಿ ಎಂದು ಹಟಕ್ಕೆ ಬಿದ್ದು ಸಿಗರೇಟು ಹಚ್ಚಿದರೆ? ನೋಟ್‌ಬುಕ್ಕಿನಲ್ಲಿ ಅದಕ್ಕೆ ಏನೂ ಬರೆದಿಲ್ಲ.

ಫೆಬ್ರವರಿ 8, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಸತ್ಯಪ್ರಕಾಶ್ ಹನ್ನೊಂದಕ್ಕೆ ಬಂದರು. ಕೂತರು. ಗಂಟಲು ಸರಿಮಾಡಿಕೊಂಡರು.

"ಗೀತಮ್ಮ, ಬೇಜಾರ್ ಮಾಡ್ಕೋಬೇಡಿ. ಈ ವಾರದ್ದು ಸ್ವಲ್ಪ ಸ್ಟ್ರಾಂಗ್ ಆಯ್ತು. ಮೊನ್ನೆ ಶಿಫ್ಟಲ್ಲಿ ತಲೆ ಗಿರ್ರ್ ಅಂತು. ನಿಮ್ಮ ಕೈ ಜಾರಿರ್ಬೇಕು. ನಿಕೋಟಿನ್ ಒಂದೆರಡು ಹನಿ ಕಡಿಮೆ ಮಾಡಿ."

ಮೆಟ್ಟಿಲ ಮೇಲೆ ಕೂತಿದ್ದ ಕೃತಿ ಬಾಯಿಗೆ ಜಾಕೆಟ್ಟಿನ ತೋಳು ತುರುಕಿಕೊಂಡು ಮೇಲಕ್ಕೆ ಓಡಿದಳು.

"ಎಲ್ಲಿಂದ ಕಡಿಮೆ ಮಾಡ್ಲಿ ಸತ್ಯಣ್ಣ?"

"ಅಂದ್ರೆ?"

"ಅದರಲ್ಲಿ ಇಲ್ಲ."

"ಏನಿಲ್ಲ?"

"ನಿಕೋಟಿನ್. ಒಂದು ಹನೀನೂ ಇಲ್ಲ. ಹೋದ ಭಾನುವಾರದಿಂದ."

ನೋಟ್‌ಬುಕ್ ತಂದು ಅವರ ಮುಂದೆ ಇಟ್ಟೆ. ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದರು. 60. 58. 56. 34 ದಾಟಿ ನನ್ನ ಕೈಬರಹಕ್ಕೆ ಬಂದರು. ಸೊನ್ನೆಯವರೆಗೆ ಹೋದರು. ಮತ್ತೆ ಮೊದಲ ಪುಟಕ್ಕೆ ಬಂದು ಅಂಚಿನ ಸಣ್ಣಕ್ಷರ ಓದಿದರು. ಅವರ ಕಾರಿನ ಕೀ ಮೇಜಿನ ಮೇಲಿತ್ತು. ಅದನ್ನು ಕೈಗೆ ತೆಗೆದುಕೊಂಡರು. ನಾನು ಬಾಗಿಲಿಗೆ ಅಡ್ಡ ನಿಲ್ಲಲೇ ಎಂದು ಯೋಚಿಸಿದೆ.

"ಕಳ್ಳ ನನ್ಮಗ" ಎಂದರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನಿಮಗಲ್ಲ ಗೀತಮ್ಮ. ಅವನಿಗೆ! ಪ್ರತಿ ಸೋಮವಾರ ಕಾರು ಹತ್ತಿದ್ ತಕ್ಷಣ ಕೇಳ್ತಿದ್ದ, 'ಹೆಂಗಿದೆ ಸತ್ಯ?' ಅಂತ. ನಾನು ಬೆಂಕಿ ಕಣೋ, ಬೆಂಕಿ ಕಣೋ ಅಂತಿದ್ದೆ. ಮುಖ ಆ ಕಡೆ ತಿರುಗಿಸ್ಕೊಂಡು ಕಿಟಕಿಯಲ್ಲಿ ಹಸು ನೋಡ್ತಿದ್ದ. ಹಸು ಅಲ್ಲ, ನಗ್ತಿದ್ದ! ಬಾಯಿ ಬಿಟ್ರೆ ಧರ್ಮರಾಯ, ಮಾಡಿದ್ದು ನೋಡಿ! ಹನ್ನೊಂದು ವರ್ಷ ಎಸಿ ಹಾಕಕ್ಕೆ ಬಿಡ್ಲಿಲ್ಲ ಕಾರಲ್ಲಿ. ಒಂದೇ ಒಂದು ದಿನ ಹೇಳಿದ ಟೈಮಿಗೆ ಮನೆಯಿಂದ ಹೊರಗೆ ಬರ್ಲಿಲ್ಲ. ಹಾರನ್ ಮಾಡಿದ್ರೆ ಪಕ್ಕದ ಮನೆಯವ್ರು ಬರ್ತಿದ್ರು, ಅವನು ಬರ್ತಿರ್ಲಿಲ್ಲ!"

ಕೀ ಮೇಜಿಗೆ ಬಡಿಯುತ್ತ ಬೈಯುತ್ತಲೇ ಹೋದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಜೂನ್‌ನಿಂದ ಈ ಮನೆಗೆ ಬಂದವರೆಲ್ಲ ಅವರನ್ನು ಹೊಗಳಿ ಹೋಗಿದ್ದಾರೆ. ದೇವರಂಥವರು, ಯಾರನ್ನೂ ನೋಯಿಸಿದವರಲ್ಲ ಎಂದು. ಕೇಳಿ ಕೇಳಿ ಯಾರೋ ಬೇರೆಯವರ ವಿಷಯ ಎನ್ನಿಸುತ್ತಿತ್ತು. ಇವತ್ತು ಸತ್ಯಪ್ರಕಾಶ್ ಬೈದದ್ದು ನಮ್ಮವರನ್ನೇ. ಕೃತಿ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತಳು.

ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನಾನೆಂದೆ: "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತಿದ್ರು ಸತ್ಯಣ್ಣ, ನನ್ನ ಕಡೇನೇ. ಅದನ್ನೂ ಸೇರಿಸ್ಕೊಳ್ಳಿ."